ಕುದುರೆ ನಡೆಯುವಷ್ಟು ದೂರಕ್ಕೊಂದು ಊರು

ಬೇಳೆಕಾಳಿನ ಅಂತರರಾಷ್ಟ್ರೀಯ ವ್ಯಾಪಾರದಲ್ಲಿ ದಪ್ಪ ಕಾಳಿನ ಹಸಿರು ಮಸೂರಕ್ಕೆ ‘ಲೇರ್ಡ್’ ಅನ್ನುತ್ತಾರೆ. ಸಣ್ಣ ಕಾಳಿನದಕ್ಕೆ ‘ಎಸ್ಟನ್’. ಯಾರೋ ವಿಜ್ಞಾನಿಗಳ ಹೆಸರಿರಬೇಕು ಅನ್ನಿಸುತ್ತದೆ, ಅಲ್ವಾ? ಎರಡೂ ಊರಿನ ಹೆಸರು. ಕೆನಡಾದ ಸಸ್ಕಾಚೆವಾನ್ ಪ್ರಾಂತ್ಯದಲ್ಲಿವೆ. ಲೇರ್ಡ್‌ನಲ್ಲಂತೂ ಮುನ್ನೂರರ ಆಸುಪಾಸು ಜನ. ಒಂದು ಮುಖ್ಯ ಬೀದಿ, ನಾಲ್ಕಾರು ಅಡ್ಡ ಬೀದಿ. ಅವು ಮುಗಿಯುತ್ತಿದ್ದಂತೆ ಗೋಧಿ, ಕನೋಲಾ, ಮಸೂರದ ಹೊಲ. ಮೇಲೆ ಆಕಾಶ, ಬೇಕಾದ್ದಕ್ಕಿಂತ ಜಾಸ್ತಿ.

ಮನಿಟೋಬಾ, ಸಸ್ಕಾಚೆವಾನ್, ಆಲ್ಬರ್ಟಾ ಪ್ರಾಂತ್ಯಗಳ ದಕ್ಷಿಣ ಭಾಗಕ್ಕೆ ಹರಡಿಕೊಂಡಿರುವ ಹುಲ್ಲುಗಾವಲಿನ ಸೀಮೆಗೆ ಪ್ರೇರಿ ಅನ್ನುತ್ತಾರೆ. ಅಲ್ಲಿ ಇಂಥ ಊರುಗಳು ನೂರಾರು ಹುಟ್ಟಿದವು. ಒಂದರ ಫೋಟೊ ತೋರಿಸಿ ಇನ್ನೊಂದರ ಹೆಸರು ಹೇಳಿದರೂ ಹೊರಗಿನವರಿಗೆ ಗೊತ್ತಾಗುವುದಿಲ್ಲ, ಅಷ್ಟು ಒಂದೇ ತರ. ಹೆಚ್ಚಿನವು 1880ರಿಂದ 1930ರೊಳಗೆ ಹುಟ್ಟಿ, ಒಂದೆರಡು ತಲೆಮಾರು ಗಿಜಿಗುಟ್ಟಿ, ಆಮೇಲೆ ಖಾಲಿಯಾಗುತ್ತ ಬಂದವು. ಹುಟ್ಟಿದ್ದು ಯಾಕೆ, ಖಾಲಿಯಾಗಿದ್ದು ಯಾಕೆ ಅಂತ ಹುಡುಕಿದರೆ ಎರಡಕ್ಕೂ ಮೂಲದಲ್ಲಿ ಒಂದೇ ಲೆಕ್ಕ ಸಿಗುತ್ತದೆ. ಗೋಧಿ ಹೇರಿದ ಗಾಡಿಯನ್ನು ಕುದುರೆಗಳು ಒಂದು ದಿನದಲ್ಲಿ ಎಷ್ಟು ದೂರ ಎಳೆದುಕೊಂಡು ಹೋಗಿ ಬರಬಲ್ಲವು ಅನ್ನುವ ಲೆಕ್ಕ.

ಮೊದಲು ಚೌಕ, ಆಮೇಲೆ ಊರು

ಕಾಗದದ ಪ್ರಕಾರ ಈ ಸೀಮೆಯೆಲ್ಲ ಹಡ್ಸನ್ಸ್ ಬೇ ಅನ್ನುವ ತುಪ್ಪಳದ ವ್ಯಾಪಾರದ ಕಂಪನಿಯದಾಗಿತ್ತು. 1870ರಲ್ಲಿ 3 ಲಕ್ಷ ಪೌಂಡ್ ಮತ್ತು ಒಂದಿಷ್ಟು ಭೂಮಿ ಕೊಟ್ಟು ಕೆನಡಾ ಅದನ್ನು ತನ್ನದು ಮಾಡಿಕೊಂಡಿತು. ತಲೆತಲಾಂತರದಿಂದ ಅಲ್ಲೇ ಬದುಕಿದ್ದ ಕ್ರೀ, ಸೋಟೋ, ನಕೋಡಾ ಮೂಲನಿವಾಸಿಗಳನ್ನು, ಅವರ ಮತ್ತು ಯುರೋಪಿನವರ ಮಿಶ್ರ ವಂಶದ ಮೇಟಿ ಜನರನ್ನು ಮಾರುವವರೂ ಕೇಳಲಿಲ್ಲ, ಕೊಳ್ಳುವವರೂ ಕೇಳಲಿಲ್ಲ. 1871ರಲ್ಲಿ ಸರ್ವೆಯವರು 66 ಅಡಿಯ ಸರಪಳಿ ಹಿಡಿದು ಹೊರಟರು. 6 ಮೈಲಿ ಉದ್ದ, 6 ಮೈಲಿ ಅಗಲದ ಚೌಕಕ್ಕೆ ಟೌನ್‌ಶಿಪ್ ಎಂದು ಹೆಸರು. ಅದರೊಳಗೆ ಒಂದೊಂದು ಚದರ ಮೈಲಿಯ 36 ಚೌಕ. ಒಂದು ಚೌಕ 640 ಎಕರೆ, ಅದರ ಕಾಲು ಭಾಗ 160 ಎಕರೆ. ಗುಡ್ಡ ಬರಲಿ, ಜೌಗು ಬರಲಿ, ಗೆರೆ ಮಾತ್ರ ನೆಟ್ಟಗೆ.

ಭೂಮಿ ಉರುಟು, ಚೌಕ ಚಪ್ಪಟೆ. ಉತ್ತರಕ್ಕೆ ಹೋದಂತೆ ರೇಖಾಂಶಗಳು ಹತ್ತಿರ ಬರುವುದರಿಂದ ಚೌಕಗಳು ಒಂದಕ್ಕೊಂದು ಕೂಡುವುದಿಲ್ಲ. ಅದಕ್ಕೆ 24 ಮೈಲಿಗೊಮ್ಮೆ ಲೆಕ್ಕ ಸರಿ ಮಾಡುವ ಒಂದು ಗೆರೆ ಇಟ್ಟರು. ಇವತ್ತಿಗೂ ಉತ್ತರಕ್ಕೆ ಬಾಣದಂತೆ ಹೋಗುತ್ತಿದ್ದ ಮಣ್ಣಿನ ರಸ್ತೆ ಆ ಗೆರೆ ಬಂದಲ್ಲಿ ಸುಮ್ನೆ ಪಕ್ಕಕ್ಕೆ ಸರಿದು ಮತ್ತೆ ನೆಟ್ಟಗಾಗುತ್ತದೆ. ತಿರುಗಲು ಅಲ್ಲಿ ಕೆರೆಯಿಲ್ಲ, ಬಂಡೆಯಿಲ್ಲ. ರಸ್ತೆ ತಿರುಗುವುದು ಗಣಿತಕ್ಕೆ.

ಚೌಕಗಳನ್ನು ಹಂಚಿದ್ದೂ ಚದುರಂಗದ ಮಣೆಯಂತೆ. ಬಹಳಷ್ಟು ಕಡೆ ಬೆಸ ಸಂಖ್ಯೆಯವು ರೈಲ್ವೆಗೆ, ಸಮ ಸಂಖ್ಯೆಯವು ನೆಲೆಸಲು ಬರುವವರಿಗೆ. 11 ಮತ್ತು 29 ಶಾಲೆಯ ಖರ್ಚಿಗೆ. 8 ಪೂರ್ತಿ ಮತ್ತು 26ರ ಬಹುಪಾಲು ಹಳೇ ಕಂಪನಿಗೆ. 1872ರ ಕಾಯಿದೆಯ ಪ್ರಕಾರ 10 ಡಾಲರ್ ಕಟ್ಟಿದರೆ 160 ಎಕರೆ ಸಿಗುತ್ತಿತ್ತು. ಆದರೆ ಮೂರು ವರ್ಷ ಅಲ್ಲೇ ಇದ್ದು, ನೆಲ ಒಡೆದು, ಮನೆ ಕಟ್ಟಿ ತೋರಿಸಿದ ಮೇಲೇ ಹಕ್ಕುಪತ್ರ. ಮರವಿಲ್ಲದ ಕಡೆ ಮನೆ ಯಾವುದರಿಂದ? ಹುಲ್ಲಿನ ಬೇರು ಹೆಣೆದುಕೊಂಡ ಮಣ್ಣನ್ನೇ ಪಟ್ಟಿ ಪಟ್ಟಿಯಾಗಿ ಕೊಯ್ದು ಇಟ್ಟಿಗೆಯಂತೆ ಪೇರಿಸಿದರು. ಚಳಿಗಾಲಕ್ಕೆ ಬೆಚ್ಚಗೆ, ಮಳೆಗಾಲಕ್ಕೆ ಸೋರುವುದು. ಹೊರಗೆ ಮಳೆ ನಿಂತ ಮೇಲೂ ಒಳಗೆ ತೊಟ್ಟಿಕ್ಕುತ್ತಲೇ ಇರುತ್ತಿತ್ತು.

1896ರಿಂದ ಒಳಾಡಳಿತ ಮಂತ್ರಿಯಾಗಿದ್ದ ಕ್ಲಿಫರ್ಡ್ ಸಿಫ್ಟನ್ ಯುರೋಪಿನಲ್ಲಿ ಜೋರು ಪ್ರಚಾರ ಮಾಡಿಸಿದ. ಉಕ್ರೇನಿನವರು, ಜರ್ಮನರು, ಸ್ವೀಡನ್ನಿನವರು ಬಂದರು. ಯುದ್ಧ ಒಲ್ಲದ ಕ್ರೈಸ್ತ ಪಂಥದ ಮೆನ್ನೊನೈಟರು, ರಷ್ಯಾ ಬಿಟ್ಟ ಇನ್ನೊಂದು ಪಂಥದ ಡುಖೊಬಾರರೂ ಬಂದರು. 1901ರಲ್ಲಿ 91 ಸಾವಿರದಷ್ಟಿದ್ದ ಸಸ್ಕಾಚೆವಾನ್ ಜನಸಂಖ್ಯೆ 1911ಕ್ಕೆ 4 ಲಕ್ಷ 92 ಸಾವಿರ ಆಯಿತು. ಹತ್ತೇ ವರ್ಷದಲ್ಲಿ ಐದು ಪಟ್ಟು.

ಕಣಜವೇ ಗೋಪುರ

ಇಷ್ಟು ಜನ ಬೆಳೆದ ಗೋಧಿ ಹಡಗು ಹತ್ತಬೇಕಾದರೆ ಮೊದಲು ರೈಲು ಹತ್ತಬೇಕು. ದೇಶವನ್ನು ಪೂರ್ವದಿಂದ ಪಶ್ಚಿಮಕ್ಕೆ ದಾಟುವ ಕೆನಡಿಯನ್ ಪೆಸಿಫಿಕ್ ಹಳಿ 1885ರಲ್ಲಿ ಮುಗಿದಿತ್ತು. ಅದಕ್ಕಾಗಿ ಸರ್ಕಾರ ಕಂಪನಿಗೆ ಎರಡೂವರೆ ಕೋಟಿ ಡಾಲರ್, ಎರಡೂವರೆ ಕೋಟಿ ಎಕರೆ ಕೊಟ್ಟಿತ್ತು. ಮುಂದೆ ಬೇರೆ ಕಂಪನಿಗಳೂ ಬಂದು ಕವಲು ಹಳಿಗಳನ್ನು ಹಾಸಿದವು. ಹಳಿ ಹಾಸಿದವರಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತಿತ್ತು. ಸುಮಾರು 60 ಬುಶೆಲ್, ಅಂದರೆ ಒಂದೂವರೆ ಟನ್‌ಗೂ ಮಿಕ್ಕಿದ ಗೋಧಿ ಹೇರಿದ ಗಾಡಿಯೊಂದಿಗೆ ರೈತ ಬೆಳಿಗ್ಗೆ ಹೊರಟು ರಾತ್ರಿ ಮನೆ ಸೇರಬೇಕು. ಅದಕ್ಕಿಂತ ದೂರವಾದರೆ ಅವನಿಗೂ ಕಷ್ಟ, ಪಕ್ಕದ ಕಂಪನಿಯ ಹಳಿಗೆ ಹೋದರೆ ಇವರಿಗೂ ನಷ್ಟ. ಹಾಗಾಗಿ ಏಳರಿಂದ ಹತ್ತು ಮೈಲಿಗೊಂದು ಸ್ಟೇಷನ್. ಸ್ಟೇಷನ್ ಇದ್ದಲ್ಲಿ ಧಾನ್ಯದ ಎಲಿವೇಟರ್. ಎಲಿವೇಟರ್ ಇದ್ದಲ್ಲಿ ಊರು.

ಊರಿಗೆ ಹೆಸರಿಡಲೂ ಪುರುಸೊತ್ತಿರಲಿಲ್ಲ. ಗ್ರ್ಯಾಂಡ್ ಟ್ರಂಕ್ ಪೆಸಿಫಿಕ್ ಕಂಪನಿಯವರು ಇಂಗ್ಲಿಷ್ ಅಕ್ಷರಮಾಲೆ ಹಿಡಿದು ಹೊರಟರು. ಫೆನ್‌ವುಡ್, ಗುಡೀವ್, ಹಬ್ಬರ್ಡ್, ಇಟೂನಾ, ಜಾಸ್ಮಿನ್, ಕೆಲ್ಲಿಹರ್, ಲೆಸ್ಟಾಕ್. ಎಫ್ ಆದಮೇಲೆ ಜಿ, ಜಿ ಆದಮೇಲೆ ಎಚ್. ಇನ್ನೂ ಪಶ್ಚಿಮಕ್ಕೆ ಹೋದರೆ ಝೀನಾ, ಯಂಗ್, ಝೆಲ್ಮಾ. ಇಂಗ್ಲಿಷಿನಲ್ಲಿ ಎಕ್ಸ್, ವೈ, ಝಡ್. ಅಕ್ಷರ ಮುಗಿಯಿತಲ್ಲ, ಮತ್ತೆ ಎ ಇಂದ ಶುರು: ಅಲನ್, ಬ್ರ್ಯಾಡ್‌ವೆಲ್, ಕ್ಲಾವೆಟ್. ಊರಿನ ಹೆಸರಿನ ಹಿಂದೆ ಏನೋ ಕಥೆ ಇರಬೇಕು ಅಂತ ಹುಡುಕುವ ನಮ್ಮಂಥವರಿಗೆ ಇದು ನಿರಾಸೆಯೇ.

ಎಲಿವೇಟರ್ ಅಂದರೆ ಲಿಫ್ಟ್ ಅಲ್ಲ, ಧಾನ್ಯ ಮೇಲೆತ್ತುವ ಕಣಜ. ಮರದ ಹಲಗೆಗಳನ್ನು ಮಲಗಿಸಿ ಒಂದರ ಮೇಲೊಂದು ಮೊಳೆ ಹೊಡೆದು ಎಪ್ಪತ್ತು ಎಂಬತ್ತು ಅಡಿ ಎತ್ತರಕ್ಕೆ ಕಟ್ಟುತ್ತಿದ್ದರು. ಒಳಗೆ ನಡೆಯುವುದು ಇಷ್ಟು. ಗಾಡಿ ಇಳಿಜಾರು ಹತ್ತಿ ತೂಕದ ಹಲಗೆಯ ಮೇಲೆ ನಿಲ್ಲುತ್ತದೆ. ಏಜೆಂಟ್ ತೂಕ ಬರೆದುಕೊಳ್ಳುತ್ತಾನೆ, ಕಾಳು ಅಂಗೈಗೆ ಹಾಕಿಕೊಂಡು ನೋಡುತ್ತಾನೆ, ಒಂದೆರಡು ಕಚ್ಚುತ್ತಾನೆ. ಗಾಡಿಯ ಹಿಂಭಾಗ ಬಾಗಿಸಿದರೆ ಗೋಧಿ ನೆಲದ ಜಾಲರಿಯಿಂದ ಗುಂಡಿಗೆ ಬೀಳುತ್ತದೆ. ಅಲ್ಲಿಂದ ಬಟ್ಟಲು ಕಟ್ಟಿದ ಪಟ್ಟಿ, ಹಳೇ ಬಾವಿಯ ರಾಟೆಯಂತೆ, ತುಂಬಿಕೊಂಡು ತುಂಬಿಕೊಂಡು ಮೇಲಕ್ಕೆ ಒಯ್ಯುತ್ತದೆ. ತುದಿಯಲ್ಲಿ ಕೊಳವೆ ತಿರುಗಿಸಿದ ಕಡೆ ಸುರಿಯುತ್ತದೆ, ಒಂದೊಂದು ದರ್ಜೆಗೆ ಒಂದೊಂದು ಗೂಡು. ರೈಲು ಬಂದಾಗ ಗೂಡಿನ ಬಾಯಿ ತೆರೆದರೆ ಆಯಿತು, ತನ್ನ ಭಾರಕ್ಕೆ ತಾನೇ ಇಳಿಯುತ್ತದೆ. ಗೋಧಿಯ ಧೂಳಿಗೆ ಕಿಡಿ ತಗುಲಿದರೆ ಇಡೀ ಕಟ್ಟಡ ಸಿಡಿಯುವ ಅಪಾಯ. ಅದಕ್ಕೇ ಎಂಜಿನ್ ಯಾವಾಗಲೂ ಪಕ್ಕದ ಬೇರೆ ಶೆಡ್ಡಿನಲ್ಲಿ.

ಜಗಳ ಶುರುವಾಗುತ್ತಿದ್ದದ್ದು ಆ ಅಂಗೈಯಲ್ಲಿ. ಇದು ಮೊದಲ ದರ್ಜೆ ಅಂತ ರೈತ, ಅಲ್ಲ ಮೂರನೆಯದು ಅಂತ ಏಜೆಂಟ್. ಕಸಕಡ್ಡಿಗೆ ಅಂತ ತೂಕದಲ್ಲಿ ಕಡಿತ ಬೇರೆ. ಏಜೆಂಟನನ್ನು ಬಿಟ್ಟು ತಾವೇ ರೈಲು ಡಬ್ಬಿಗೆ ತುಂಬೋಣ ಅಂದರೆ ಡಬ್ಬಿ ಸಿಗುತ್ತಿರಲಿಲ್ಲ, ಅವು ಎಲಿವೇಟರ್ ಕಂಪನಿಗಳಿಗೇ ಹೋಗುತ್ತಿದ್ದವು. 1901ರಲ್ಲಿ ಇಂಡಿಯನ್ ಹೆಡ್ ಅನ್ನುವ ಊರಿನಲ್ಲಿ ರೈತರು ಸಂಘ ಕಟ್ಟಿದರು. ಮರುವರ್ಷ ಪಕ್ಕದ ಸಿಂಟಲೂಟಾ ಸ್ಟೇಷನ್ನಿನ ರೈಲ್ವೆ ಏಜೆಂಟನ ಮೇಲೆ ಕೇಸು ಹಾಕಿ ಗೆದ್ದೂಬಿಟ್ಟರು. ಅರ್ಜಿ ಕೊಟ್ಟ ಸರದಿಯಲ್ಲೇ ಡಬ್ಬಿ ಕೊಡಬೇಕು ಎಂದಾಯಿತು. ಮುಂದೆ 1924ರಲ್ಲಿ ಬಂದ ರೈತರದ್ದೇ ಸಹಕಾರಿ, ಸಸ್ಕಾಚೆವಾನ್ ವೀಟ್ ಪೂಲ್, ಬೆಳೆದದ್ದು ಇದೇ ಸಿಟ್ಟಿನಿಂದ.

ಊರಿನ ನಕ್ಷೆಯೂ ಸಿದ್ಧ ಅಚ್ಚಿನದು. ಹಳಿಯ ಗುಂಟ ರೈಲ್ವೆ ಅವೆನ್ಯೂ. ಸ್ಟೇಷನ್ ಎದುರಿನಿಂದ ಅದಕ್ಕೆ ಅಡ್ಡವಾಗಿ ಮೇನ್ ಸ್ಟ್ರೀಟ್. ದಿನಸಿ ಅಂಗಡಿ, ಬ್ಯಾಂಕು, ಮರದ ಡಿಪೊ, ಕುದುರೆ ಲಾಯ, ಅಂಚೆ ಕಚೇರಿ, ಜಾತಿಗೊಂದು ಚರ್ಚು. ಜೊತೆಗೆ ಹೆಚ್ಚೂಕಡಿಮೆ ಪ್ರತಿ ಊರಲ್ಲೂ ಒಂದು ಚೀನೀ ಕೆಫೆ.

ಆ ಕೆಫೆಯ ಹತ್ತಿರ ಸ್ವಲ್ಪ ನಿಲ್ಲಬೇಕು. ಎಷ್ಟೋ ಕಡೆ ಊರಿಗೆಲ್ಲ ಬೆಳಿಗ್ಗೆಯಿಂದ ರಾತ್ರಿವರೆಗೆ ಕಾಫಿ, ಆಪಲ್ ಪೈ ಕೊಡುತ್ತಿದ್ದವನು ಒಂಟಿ ಗಂಡಸು. ಹೆಂಡತಿ ಮಕ್ಕಳು ಚೀನಾದಲ್ಲಿ. 1903ರಿಂದ ಚೀನಾದವರು ಕೆನಡಾಕ್ಕೆ ಕಾಲಿಡಲು ತಲೆಗೆ 500 ಡಾಲರ್ ತೆರಿಗೆ ಕಟ್ಟಬೇಕಿತ್ತು. 160 ಎಕರೆಗೆ 10 ಡಾಲರ್ ಕೇಳುತ್ತಿದ್ದ ಅದೇ ಸರ್ಕಾರ! 1923ರಲ್ಲಿ ಬಾಗಿಲನ್ನೇ ಮುಚ್ಚಿದರು, 1947ರವರೆಗೆ ತೆರೆಯಲಿಲ್ಲ. 1912ರಲ್ಲಿ ಸಸ್ಕಾಚೆವಾನ್, ಚೀನೀಯರ ಅಂಗಡಿಯಲ್ಲಿ ಬಿಳಿ ಹೆಂಗಸರು ಕೆಲಸ ಮಾಡಬಾರದು ಅಂತಲೂ ಕಾನೂನು ಮಾಡಿತ್ತು. ಊರು ಸೇರಿ ಹರಟುತ್ತಿದ್ದ ಜಾಗ ಅವನದೇ. ಅವನನ್ನು ಊರಿನವನು ಅಂತ ಒಪ್ಪಲು ಮಾತ್ರ ಬಹಳ ಕಾಲ ಹಿಡಿಯಿತು.

ಲೇರ್ಡ್ ಕೆಳಗಿನ ನೆಲ

ಈಗ ಲೇರ್ಡ್‌ಗೆ ಬರೋಣ. ಹೆಸರು ಬಂದದ್ದು ಡೇವಿಡ್ ಲೇರ್ಡ್‌ನಿಂದ. 1876ರಿಂದ ಐದು ವರ್ಷ ಈ ವಾಯವ್ಯ ಸೀಮೆಗೆ ಲೆಫ್ಟಿನೆಂಟ್ ಗವರ್ನರ್ ಆಗಿದ್ದವನು. ಆರಡಿ ಮೀರಿದ ಆಳು. ಎರಡು ನಾಲಿಗೆ ಇಲ್ಲದವನು ಅಂತ ಮೂಲನಿವಾಸಿಗಳು ಅವನನ್ನು ಕರೆಯುತ್ತಿದ್ದರಂತೆ.

1876ರಲ್ಲಿ ಫೋರ್ಟ್ ಕಾರ್ಲ್ಟನ್‌ನಲ್ಲಿ ಕ್ರೀ ಮುಖಂಡರು ಬ್ರಿಟಿಷ್ ರಾಣಿಯ ಹೆಸರಿನಲ್ಲಿ ಬಂದವರೊಂದಿಗೆ ಆರನೆಯ ಒಪ್ಪಂದಕ್ಕೆ ಸಹಿ ಹಾಕಿದರು. ಅವರಲ್ಲಿ ಯಂಗ್ ಚಿಪ್ಪೆವಯನ್ ಎಂಬ ಗುಂಪೂ ಇತ್ತು. ಅವರ ಪಾಲಿಗೆ ಈಗಿನ ಲೇರ್ಡ್ ಹತ್ತಿರದ ಸ್ಟೋನಿ ನಾಲ್ ಅನ್ನುವ ದಿಬ್ಬದ ಸುತ್ತ 30 ಚದರ ಮೈಲಿ ಮೀಸಲು ನೆಲ ಅಳೆದು, ರಿಸರ್ವ್ 107 ಎಂದು ನಂಬರು ಕೊಟ್ಟರು. ಅಷ್ಟರಲ್ಲಿ ಕಾಡೆಮ್ಮೆಗಳು ಮುಗಿದೇ ಹೋಗಿದ್ದವು. ಅವುಗಳನ್ನೇ ನಂಬಿದ್ದ ಜನ ಹಸಿವಿಗೆ ಸಿಕ್ಕಿ ಊಟ ಹುಡುಕಿಕೊಂಡು ಚದುರಿದರು. 1885ರಲ್ಲಿ ಮೇಟಿಗಳು ಲೂಯಿ ರಿಯೆಲ್ ಮುಂದಾಳತ್ವದಲ್ಲಿ ಸ್ವಲ್ಪ ದೂರದ ಬಟೋಶ್‌ನಲ್ಲಿ ಹೋರಾಡಿ ಸೋತ ಮೇಲೆ, ಅಧಿಕಾರಿಯ ಚೀಟಿ ಇಲ್ಲದೆ ರಿಸರ್ವ್‌ನಿಂದ ಹೊರಗೆ ಕಾಲಿಡಬಾರದು ಅನ್ನುವ ಕಟ್ಟಳೆ ಬಂತು. 1897ರಲ್ಲಿ ಸರ್ಕಾರ, ಇಲ್ಲಿ ಯಾರೂ ಇಲ್ಲವಲ್ಲ ಅಂತ, ಆ 30 ಚದರ ಮೈಲಿಯನ್ನು ವಾಪಸ್ ತೆಗೆದುಕೊಂಡಿತು. ಒಪ್ಪಿಗೆ ಇಲ್ಲ, ಪರಿಹಾರ ಇಲ್ಲ. ಅದೇ ನೆಲವನ್ನು ಮೆನ್ನೊನೈಟ್ ಮತ್ತು ಲುಥೆರನ್ ಕುಟುಂಬಗಳಿಗೆ ಕೊಟ್ಟರು. ದಿಬ್ಬದ ಮೇಲೆ ಲುಥೆರನ್ ಚರ್ಚ್ ಎದ್ದಿತು.

ಬಂದವರಿಗೆ ಇದು ಗೊತ್ತಿರಲಿಲ್ಲ. ಅವರೂ ಎಲ್ಲಿಂದಲೋ ಓಡಿಸಿಕೊಂಡು ಬಂದವರೇ. 1976ರಲ್ಲಿ, ಒಪ್ಪಂದಕ್ಕೆ ನೂರು ತುಂಬಿದ ವರ್ಷ, ಯಂಗ್ ಚಿಪ್ಪೆವಯನ್ ವಂಶದವರು ಬಂದು ನಿಂತಾಗ ಎಷ್ಟೋ ರೈತರಿಗೆ ತಮ್ಮ ಹೊಲದ ಚರಿತ್ರೆ ಮೊದಲ ಸಲ ಕಿವಿಗೆ ಬಿತ್ತು. ಭಯವೂ ಆಯಿತು. ಮಾತುಕತೆಗೆ ಮೂವತ್ತು ವರ್ಷ ಹಿಡಿಯಿತು. 2006ರಲ್ಲಿ ಯಂಗ್ ಚಿಪ್ಪೆವಯನ್, ಮೆನ್ನೊನೈಟ್, ಲುಥೆರನ್ ಮೂರೂ ಕಡೆಯವರು ಅದೇ ದಿಬ್ಬದ ಮೇಲೆ ಸೇರಿ, ಈಗಿರುವ ರೈತರನ್ನು ಎಬ್ಬಿಸದೆ ಸರ್ಕಾರದಿಂದ ನ್ಯಾಯ ಕೇಳೋಣ ಎಂದು ಒಪ್ಪಿ ಸಹಿ ಹಾಕಿದರು. ಹಕ್ಕು ಕೇಳಬೇಕಾದರೆ ವಂಶಾವಳಿ ತೋರಿಸಬೇಕು. ಆ ವಂಶಾವಳಿ ಹುಡುಕಿಸಲು ಚರ್ಚಿನವರೂ ಹಣ ಕೂಡಿಸಿದರು. ಪ್ರೇರಿಯ ಊರುಗಳ ಶತಮಾನೋತ್ಸವದ ಪುಸ್ತಕಗಳು ಸಾಮಾನ್ಯವಾಗಿ ಮೊದಲ ರೈಲಿನಿಂದ ಶುರುವಾಗುತ್ತವೆ. ಅದಕ್ಕೂ ಹಿಂದಿನ ಪುಟ ತೆರೆದ ಊರುಗಳು ಕಡಿಮೆ.

ಧೂಳು, ಡಾಕ್ಟರು, ಲಾರಿ

1930ರ ದಶಕ ಈ ಊರುಗಳ ನಡು ಮುರಿಯಿತು. 1932ರ ಕೊನೆಗೆ ಗೋಧಿಯ ಬೆಲೆ ಬುಶೆಲ್‌ಗೆ 40 ಸೆಂಟಿಗಿಂತ ಕೆಳಗೆ ಬಿತ್ತು. ಜೊತೆಗೇ ಬರ. ಬೇರು ಕಿತ್ತ ನೆಲ ಗಾಳಿಗೆ ಎದ್ದು ಹೋಯಿತು. 1937ರ ಜುಲೈ 5ರಂದು ಮಿಡೇಲ್ ಮತ್ತು ಯೆಲ್ಲೋ ಗ್ರಾಸ್ ಎಂಬ ಊರುಗಳಲ್ಲಿ 45 ಡಿಗ್ರಿ ಬಿಸಿಲು. 2021ರವರೆಗೂ ಕೆನಡಾದ ದಾಖಲೆ ಅದೇ ಆಗಿತ್ತು. ಪೆಟ್ರೋಲಿಗೆ ಕಾಸಿಲ್ಲದೆ ಕಾರಿನ ಎಂಜಿನ್ ಬಿಚ್ಚಿ ಕುದುರೆ ಕಟ್ಟಿ, ಅದಕ್ಕೆ ದಶಕದ ಮೊದಲರ್ಧದ ಪ್ರಧಾನಿಯ ಹೆಸರಿಟ್ಟು ‘ಬೆನೆಟ್ ಬಗ್ಗಿ’ ಅಂದರು. ಪೂರ್ವದ ಕಡಲ ತೀರದವರು ರೈಲಿನಲ್ಲಿ ಒಣ ಉಪ್ಪು ಮೀನು ಕಳಿಸಿದ್ದರು. ಸಮುದ್ರವನ್ನೇ ಕಾಣದ ಜನಕ್ಕೆ ಅದನ್ನು ಏನು ಮಾಡಬೇಕು ಅಂತ ತಿಳಿಯಲಿಲ್ಲವಂತೆ. ಮನೆಯ ಮಾಡಿಗೆ ಹೊಡೆದೆವು ಅಂತ ಇವತ್ತಿಗೂ ತಮಾಷೆ ಮಾಡುತ್ತಾರೆ.

ಒಬ್ಬೊಬ್ಬರಿಂದ ಆಗದ್ದನ್ನು ಸೇರಿ ಮಾಡುವುದು ಈ ಊರುಗಳಿಗೆ ಮೊದಲಿಂದ ರೂಢಿ. 1914ರಲ್ಲೇ ಸಾರ್ನಿಯಾ ಎಂಬ ಗ್ರಾಮೀಣ ಪುರಸಭೆ, ಇದ್ದ ಒಬ್ಬ ಡಾಕ್ಟರು ಊರು ಬಿಡದ ಹಾಗೆ ವರ್ಷಕ್ಕೆ 1,500 ಡಾಲರ್ ಕೊಟ್ಟು ಉಳಿಸಿಕೊಂಡಿತ್ತು. ಬೇರೆಯವರೂ ಅದೇ ದಾರಿ ಹಿಡಿದರು. 1944ರಲ್ಲಿ ಪ್ರಾಂತ್ಯದಲ್ಲಿ ಅಧಿಕಾರಕ್ಕೆ ಬಂದ ಟಾಮಿ ಡಗ್ಲಸ್ ಸರ್ಕಾರ ಅದನ್ನೇ ದೊಡ್ಡದು ಮಾಡುತ್ತ ಹೋಯಿತು. 1962ರ ಜುಲೈ 1ರಿಂದ ಇಡೀ ಪ್ರಾಂತ್ಯಕ್ಕೆ ಸರ್ಕಾರಿ ಆರೋಗ್ಯ ವಿಮೆ ಬಂತು. ಡಾಕ್ಟರುಗಳು 23 ದಿನ ಮುಷ್ಕರ ಹೂಡಿದರು, ಆದರೂ ಯೋಜನೆ ಉಳಿಯಿತು. ಇವತ್ತು ಕೆನಡಾದ ಹೆಮ್ಮೆಯ ವ್ಯವಸ್ಥೆಯ ಒಂದು ಬೇರು ಡಾಕ್ಟರನನ್ನು ಕಳೆದುಕೊಳ್ಳುವ ಭಯದಲ್ಲಿದ್ದ ಆ ಹೊಲಗಳಲ್ಲಿದೆ.

ಇಷ್ಟರಲ್ಲಿ ಮೂಲ ಲೆಕ್ಕ ತಪ್ಪತೊಡಗಿತ್ತು. ಕುದುರೆ ಹೋಗಿ ಲಾರಿ ಬಂದಿತ್ತು. ಲಾರಿಗೆ ಹತ್ತು ಮೈಲಿ ಏನು, ಐವತ್ತು ಮೈಲಿ ಏನು? 1933ರಲ್ಲಿ ಪ್ರೇರಿಯಲ್ಲಿ 5,700ಕ್ಕೂ ಹೆಚ್ಚು ಎಲಿವೇಟರ್‌ಗಳಿದ್ದವು. ಅಷ್ಟು ಬೇಕಿರಲಿಲ್ಲ. ಆದರೂ ಬಹುಕಾಲ ಉಳಿದದ್ದು ಧಾನ್ಯಕ್ಕೆ ಅಗ್ಗದ ರೈಲು ದರ ಕಟ್ಟಿಕೊಟ್ಟಿದ್ದ 1897ರ ಕ್ರೋಸ್ ನೆಸ್ಟ್ ಒಪ್ಪಂದದಿಂದ. ಅದರ ಕೊನೆಯ ಎಳೆ ಕಡಿದದ್ದು 1995ರಲ್ಲಿ. ಆಮೇಲೆ ಕಂಪನಿಗಳು ಮುಖ್ಯ ಹಳಿಯ ಪಕ್ಕ ಕಾಂಕ್ರೀಟಿನ ದೈತ್ಯ ಟರ್ಮಿನಲ್ ಕಟ್ಟಿ, ಒಂದೇ ಸಲಕ್ಕೆ ನೂರಕ್ಕೂ ಮಿಕ್ಕಿ ಡಬ್ಬಿ ತುಂಬತೊಡಗಿದವು. ಕವಲು ಹಳಿಗಳನ್ನು ಕಿತ್ತರು, ಮರದ ಎಲಿವೇಟರ್‌ಗಳನ್ನು ಕೆಡವಿದರು.

ಕೆಡವುವ ದಿನ ಊರವರು ಮಡಚುವ ಕುರ್ಚಿ, ಕಾಫಿ ಫ್ಲಾಸ್ಕ್ ಹಿಡಿದು ಬಂದು ಕೂರುತ್ತಿದ್ದರು. ಹಿಟಾಚಿ ಒಂದು ಮೂಲೆಯನ್ನು ಕಚ್ಚುತ್ತ ಹೋಗುತ್ತದೆ. ಸುಮಾರು ಹೊತ್ತು ಏನೂ ಆಗುವುದಿಲ್ಲ. ಆಮೇಲೆ ಒಮ್ಮೆಗೇ ಇಡೀ ಗೋಪುರ ವಾಲಿ ಧೂಳಿನೊಳಗೆ ಮಲಗುತ್ತದೆ. ದುಃಖ ಒಂದು ಕಡೆ, ಲೆಕ್ಕ ಇನ್ನೊಂದು ಕಡೆ. ಎಷ್ಟೋ ಊರಲ್ಲಿ ಅತಿ ಹೆಚ್ಚು ಕಂದಾಯ ಕಟ್ಟುತ್ತಿದ್ದದ್ದು ಆ ಕಟ್ಟಡವೇ. ಅದು ಬಿದ್ದ ಮೇಲೆ ನೀರಿನ ಪೈಪಿಗೆ ಯಾರು ದುಡ್ಡು ಕೊಡಬೇಕು?

ಹೊಲಗಳೂ ದೊಡ್ಡವಾದವು. 1936ರಲ್ಲಿ ಸಸ್ಕಾಚೆವಾನಿನಲ್ಲಿ 1 ಲಕ್ಷ 42 ಸಾವಿರ ಹಿಡುವಳಿಗಳಿದ್ದವು, 2021ಕ್ಕೆ 34 ಸಾವಿರ. ಸರಾಸರಿ ಹಿಡುವಳಿ 1,700 ಎಕರೆ ದಾಟಿದೆ. ಆವತ್ತು ನಾಲ್ಕು ಹಿಡುವಳಿ ಇದ್ದಲ್ಲಿ ಇವತ್ತು ಒಂದು. ಒಂದೇ ಕೋಣೆಯ ಶಾಲೆಗಳು ಹೋಗಿ ಬಸ್ಸು ಬಂತು. 1993ರಲ್ಲಿ ಸರ್ಕಾರ ಸಾಲ ತಾಳಲಾರದೆ 52 ಗ್ರಾಮೀಣ ಆಸ್ಪತ್ರೆಗಳನ್ನು ನಿಲ್ಲಿಸಿತು. ಡಾಕ್ಟರಿಗಾಗಿ ಚಂದಾ ಎತ್ತಿದ್ದ ಸೀಮೆಯದು. 2017ರಲ್ಲಿ ಸರ್ಕಾರಿ ಬಸ್ ಸೇವೆಯೂ ನಿಂತಿತು.

ಮಸೂರ ಮತ್ತು ಮಿಕ್ಕವರು

ಗೋಧಿಯೊಂದನ್ನೇ ನಂಬಿದರೆ ಕಷ್ಟ ಅಂತ 1970ರ ಸುಮಾರಿಗೆ ಚೆನ್ನಾಗಿ ಅರ್ಥವಾಗಿತ್ತು. ಮಾರಲಾಗದ ಗೋಧಿ ರಾಶಿ ಬಿದ್ದು, ಬಿತ್ತಬೇಡಿ ಅಂತ ಸರ್ಕಾರವೇ ರೈತರಿಗೆ ಹಣ ಕೊಟ್ಟಿತ್ತು. 1972ರಲ್ಲಿ ಸಸ್ಕಾಚೆವಾನ್ ವಿಶ್ವವಿದ್ಯಾಲಯಕ್ಕೆ ಬಂದ ಆಲ್ ಸ್ಲಿಂಕಾರ್ಡ್ ಅನ್ನುವ ತಳಿ ವಿಜ್ಞಾನಿ ಮಸೂರ ಹಿಡಿದು ಕೂತರು. 1978ರಲ್ಲಿ ಲೇರ್ಡ್, 1980ರಲ್ಲಿ ಎಸ್ಟನ್ ತಳಿ ಬಂತು. ಮಸೂರ ಒಣ ನೆಲಕ್ಕೆ ಒಗ್ಗುತ್ತದೆ, ಬೇರಿನಲ್ಲಿ ಸಾರಜನಕ ಕಟ್ಟಿ ಮುಂದಿನ ಬೆಳೆಗೆ ಗೊಬ್ಬರ ಉಳಿಸುತ್ತದೆ. ಒಂದು ವರ್ಷ ಬಿತ್ತದೆ ಪಾಳು ಬಿಡುತ್ತಿದ್ದ ನೆಲದಲ್ಲೂ ಬೆಳೆ ಬಂತು. ಇವತ್ತು ಮಸೂರದ ರಫ್ತಿನಲ್ಲಿ ಕೆನಡಾ ಜಗತ್ತಿಗೇ ಮುಂದು, ಅದರಲ್ಲಿ ಬಹುಪಾಲು ಸಸ್ಕಾಚೆವಾನಿನದೇ.

ಕೊಳ್ಳುವವರಲ್ಲಿ ನಾವು ದೊಡ್ಡವರು. ಮಸೂರ್ ಬೇಳೆ ಕರ್ನಾಟಕದಲ್ಲಿ ತೊಗರಿಯಷ್ಟು ನಡೆಯುವುದಿಲ್ಲ, ಉತ್ತರದಲ್ಲಿ ಮತ್ತು ಬಂಗಾಳದಲ್ಲಿ ಜಾಸ್ತಿ. ಒಣ ಬಟಾಣಿಯೂ ಅಲ್ಲಿಂದ ಹಡಗುಗಟ್ಟಲೆ ಬಂದಿದೆ. 2017ರ ನವೆಂಬರ್‌ನಲ್ಲಿ ನಮ್ಮ ಸರ್ಕಾರ ಬಟಾಣಿಗೆ 50%, ಮರುತಿಂಗಳು ಮಸೂರಕ್ಕೆ 30% ಆಮದು ಸುಂಕ ಹಾಕಿತು. ಇಲ್ಲಿಯ ತೊಗರಿ ಕಡಲೆ ರೈತರ ಬೆಲೆ ಉಳಿಸಲು ಮಾಡಿದ್ದು ಅದು. ಅದರ ಪೆಟ್ಟು ಹನ್ನೊಂದು ಸಾವಿರ ಕಿಲೋಮೀಟರ್ ಆಚೆಯ ಕಾಫಿ ಮೇಜುಗಳಿಗೆ ಬಿತ್ತು.

ಕಾಫಿ ಮೇಜು ಅಂದೆ. ಅದಕ್ಕೆ ಅಲ್ಲಿ ‘ಕಾಫಿ ರೋ’ ಅನ್ನುತ್ತಾರೆ. ಬೆಳಿಗ್ಗೆ ಊರಿನ ಹಿರಿಯರು ಕೆಫೆಯಲ್ಲೋ, ಸಹಕಾರಿ ಅಂಗಡಿಯ ಮೂಲೆಯಲ್ಲೋ ಸೇರಿ ಮಳೆ, ಬೆಲೆ, ಯಾರ ಟ್ರ್ಯಾಕ್ಟರ್ ಎಲ್ಲಿ ಹೂತುಕೊಂಡಿತು ಎಂದೆಲ್ಲ ಮಾತಾಡುವ ಜಾಗ. ಬಿಲ್ಲು ಯಾರು ಕೊಡಬೇಕು ಅಂತ ದಾಳ ಹಾಕುವುದೂ ಉಂಟು. ನಮ್ಮ ಹೋಟೆಲು ಕಟ್ಟೆಯ ಹರಟೆಯೇ, ಮೈನಸ್ ಮೂವತ್ತು ಡಿಗ್ರಿಯಲ್ಲಿ. ಮಣ್ಣಿನ ರಸ್ತೆಯಲ್ಲಿ ಎದುರು ಬಂದ ಗಾಡಿಯವರು ಸ್ಟೀರಿಂಗಿನಿಂದ ಒಂದು ಬೆರಳು ಎತ್ತಿಯೇ ಎತ್ತುತ್ತಾರೆ, ಗುರುತು ಇರಲಿ ಬಿಡಲಿ. ಚಳಿಗಾಲಕ್ಕೆ ಊರಿನ ಸ್ಕೇಟಿಂಗ್ ಶೆಡ್ಡಿಗೆ ನೀರು ಬಿಟ್ಟು ಮಂಜುಗಟ್ಟಿಸುವುದು ಸ್ವಯಂಸೇವಕರು. ಸುಗ್ಗಿ ಮುಗಿದ ಮೇಲೆ ಸಭಾಂಗಣದಲ್ಲಿ ಟರ್ಕಿ ಕೋಳಿಯ ಊಟ, ಟಿಕೆಟ್ ಹಣ ಆ ಶೆಡ್ಡಿನ ಮಾಡಿಗೆ.

ಇಷ್ಟೂ ಆಗಬೇಕಾದರೆ ಜನ ಬೇಕು. ‘ವಿಲೇಜ್’ ಅನ್ನುವುದು ಅಲ್ಲಿ ಬರೀ ಮಾತಲ್ಲ, ಕಾನೂನಿನ ಸ್ಥಾನ. ಮೇಯರ್, ಕೌನ್ಸಿಲ್, ತನ್ನದೇ ಕಂದಾಯ, ತನ್ನದೇ ಚರಂಡಿ. ಚುನಾವಣೆಗೆ ನಿಲ್ಲಲು ಯಾರೂ ಸಿಗದ ದಿನ ಬಂದರೆ, ಉಳಿದವರು ಮತ ಹಾಕಿ ಆ ಸ್ಥಾನವನ್ನೇ ಬಿಟ್ಟುಕೊಡುತ್ತಾರೆ. ಊರು ಸುತ್ತಲಿನ ಗ್ರಾಮೀಣ ಪುರಸಭೆಯೊಳಗೆ ಕರಗುತ್ತದೆ. ಕೊನೆಯ ಸಭೆಯಲ್ಲಿ ಲೆಕ್ಕದ ಪುಸ್ತಕ, ಬ್ಯಾಂಕಿನಲ್ಲಿ ಉಳಿದ ಹಣ, ಸಭಾಂಗಣದ ಬೀಗದ ಕೈ ಹಸ್ತಾಂತರ. ಅಲ್ಲಿ ತಪ್ಪದೆ ಏಳುವ ಪ್ರಶ್ನೆ ಒಂದು, ಬೇಸಿಗೆಯಲ್ಲಿ ಸ್ಮಶಾನದ ಹುಲ್ಲು ಯಾರು ಕೊಯ್ಯುತ್ತಾರೆ? ಸಾಮಾನ್ಯವಾಗಿ ಯಾರಾದರೂ ಒಬ್ಬರು ಕೈ ಎತ್ತುತ್ತಾರೆ.